ಸಾಲಿನ ಮುಂದಿನ ಖಾಲಿ ಜಾಗ

ಜನವರಿ ೯

ಮಾನ್ಯರೇ,

'ಕೈಚೀಲ' ವೆಬ್ ಪುಟದ ಕೊನೆಯಲ್ಲಿ ನೀವು ಅಂಚೆ ವಿಳಾಸ ಕೊಟ್ಟು, "ತಪ್ಪು ಕಂಡರೆ ಕಾಗದ ಬರೆಯಿರಿ. ಕಾಗದ ಬರೆಯುವಷ್ಟು ತಾಳ್ಮೆ ಇರುವವರು ಮೊದಲು ತಾವೇ ಒಮ್ಮೆ ಪ್ರಯತ್ನಿಸಿ ನೋಡಿರುತ್ತಾರೆ" ಎಂದಿದ್ದೀರಿ. ನಾನು ಹದಿನೇಳು ಸಲ ಪ್ರಯತ್ನಿಸಿ ಬರೆಯುತ್ತಿದ್ದೇನೆ.

ನದಿ ದಾಟಿಸುವ ಲಾಂಚ್ ಕಚೇರಿಯಲ್ಲಿ ಒಂಬತ್ತು ವರ್ಷ ಟಿಕೆಟ್ ಕೊಟ್ಟವಳು ನಾನು. ದೋಣಿಕಟ್ಟೆಯ ಮೇಲೆ ನನ್ನ ಹೆಸರೇ 'ಕಿಟಕಿ'. ವೆಬ್‌ಸೈಟ್ ಕಟ್ಟುವುದನ್ನು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ನಿಮ್ಮ ಪುಟದ ನೂರ ಹನ್ನೆರಡು ಸಲಹೆಗಳು, ಅವುಗಳ ಜೊತೆಗಿನ ಕೋಡ್ ತುಣುಕುಗಳೇ ನನ್ನ ಕಾಲೇಜು. ನೆಟ್‌ವರ್ಕ್ ಸತ್ತರೂ ಕೊನೆಯದಾಗಿ ತಿಳಿದದ್ದನ್ನು ಪರದೆಯ ಮೇಲೆ ಉಳಿಸುವ ಇಪ್ಪತ್ತೇಳನೆಯ ತುಣುಕು, ಒದ್ದೆ ಬೆರಳಿಗೂ ಸಿಗುವಂತೆ ಗುಂಡಿಯನ್ನು ದೊಡ್ಡದು ಮಾಡುವ ಹನ್ನೆರಡನೆಯದು, ಇವನ್ನೆಲ್ಲ ಜೋಡಿಸಿ ನಮ್ಮ ಕಚೇರಿಗೆ ಒಂದು ಸೈಟ್ ಮಾಡಿದೆ. ಅದರಲ್ಲಿ ಇರುವುದು ಒಂದೇ ಪ್ರಶ್ನೆ: 'ಇವತ್ತು ಲಾಂಚ್ ಇದೆಯಾ?' ಕೆಳಗೆ ದೊಡ್ಡದಾಗಿ 'ಇದೆ' ಅಥವಾ 'ಇಲ್ಲ'. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ಲಾಂಚ್ ಓಡುವುದಿಲ್ಲ. ಮೊದಲೆಲ್ಲ ಜನ ಕಟ್ಟೆಗೆ ಬಂದೇ ತಿಳಿದುಕೊಳ್ಳಬೇಕಿತ್ತು.

ಈಗ ಸೈಟ್ ಇರುವ ಹಳೆಯ ಯಂತ್ರವನ್ನು ಫೆಬ್ರವರಿ ಕೊನೆಗೆ ಮುಚ್ಚುತ್ತಾರೆ. ಹೊಸ ಯಂತ್ರಕ್ಕೆ ಎಲ್ಲವನ್ನೂ ಸಾಗಿಸಬೇಕು. ನಿಮ್ಮ ನಲವತ್ತೊಂದನೆಯ ಸಲಹೆಯಲ್ಲಿ ಕೊಟ್ಟ ಸೆಟ್ಟಿಂಗ್ ಫೈಲನ್ನು ಹಾಗೆಯೇ ಇಟ್ಟರೆ ಸೈಟ್ ಏಳುವುದೇ ಇಲ್ಲ. ಇತ್ತೀಚೆಗೆ ನಿಮ್ಮ ವಿವರಣೆಗಳು ಎಷ್ಟು ಚೆನ್ನಾಗಿವೆಯೆಂದರೆ, ಒಂದು ವಾಕ್ಯವೂ ಎಡವುವುದಿಲ್ಲ. ಕೋಡ್ ಮಾತ್ರ ನನ್ನ ಕೈಯಲ್ಲಿ ಓಡುತ್ತಿಲ್ಲ. ತಪ್ಪು ಎಲ್ಲಿದೆ ಎಂದು ದಯವಿಟ್ಟು ತಿಳಿಸಿ. ಇದು ಆಗದಿದ್ದರೆ ಮ್ಯಾನೇಜರ್ ಸೈಟನ್ನು ಹೊರಗಿನ ಕಂಪನಿಗೆ ಕೊಟ್ಟು ನನ್ನನ್ನು ಮತ್ತೆ ಕಿಟಕಿಯ ಹಿಂದೆ ಕೂರಿಸುತ್ತಾರೆ.

ನಿಮ್ಮ ಶಿಷ್ಯೆ,
ಕಿಟಕಿ

---

ಜನವರಿ ೧೭

ಮಾನ್ಯ ಪತ್ರಲೇಖಕಿಗೆ,

ನಿಮ್ಮ ಪತ್ರ ತಲುಪಿತು. ಮೊದಲಿಗೆ ಒಂದು ಮಾತು. ಕಚೇರಿಯಲ್ಲಿ ಕೆಲಸ ಮಾಡುವವರು ಪತ್ರದಲ್ಲಿ 'ವಿಷಯ' ಎಂಬ ಸಾಲನ್ನು ಬರೆಯಬೇಕು, ನೀವು ಬರೆದಿಲ್ಲ. ಊರು, ದಿನಾಂಕಗಳನ್ನು ಬಲಬದಿಯಲ್ಲಿ ಹಾಕಬೇಕು. ನೀವು ಎಡಬದಿಯಲ್ಲಿ ಹಾಕಿದ್ದೀರಿ.

'ಕೈಚೀಲ' ನನ್ನ ತಮ್ಮನ ಪುಟ. ಅವನು ಸದ್ಯ ಉತ್ತರ ಬರೆಯುವ ಸ್ಥಿತಿಯಲ್ಲಿಲ್ಲವಾದ್ದರಿಂದ ಪುಟವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಮೂವತ್ತೇಳು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ನೀವು ಮೆಚ್ಚಿದ ವಿವರಣೆಗಳು ಕಳೆದ ನಾಲ್ಕು ತಿಂಗಳಲ್ಲಿ ನಾನು ಪರಿಷ್ಕರಿಸಿದವು. ನೂರ ಹನ್ನೆರಡನ್ನೂ ಮೊದಲಿನಿಂದ ಕೊನೆಯವರೆಗೆ ಅಚ್ಚುಕಟ್ಟು ಮಾಡಿದ್ದೇನೆ. ಅದರಲ್ಲಿ ತಪ್ಪಿರುವ ಸಂಭವವಿಲ್ಲ.

ನನ್ನ ಅನುಭವದಲ್ಲಿ, ಪ್ರಶ್ನೆಪತ್ರಿಕೆ ತಪ್ಪಾಗಿದೆ ಎನ್ನುವ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿ ಪ್ರಶ್ನೆಯನ್ನು ಓದಿರುವುದಿಲ್ಲ. ಹದಿನೇಳು ಸಲ ಪ್ರಯತ್ನಿಸುವ ಬದಲು ಒಂದು ಸಲ ಗಮನವಿಟ್ಟು ಓದಿ. ಪುಟದಲ್ಲಿ ಹೇಗಿದೆಯೋ ಹಾಗೆಯೇ, ಒಂದು ಕೂದಲೆಳೆಯೂ ವ್ಯತ್ಯಾಸವಾಗದಂತೆ ನಕಲು ಮಾಡಿ. ನಿಮ್ಮ ಬಳಿ ಇರುವ ಹಳೆಯ ಫೈಲುಗಳನ್ನೂ ಪುಟದೊಂದಿಗೆ ಹೋಲಿಸಿ, ಬೇರೆಯಾಗಿದ್ದರೆ ತಿದ್ದಿಕೊಳ್ಳಿ.

ಶುಭವಾಗಲಿ.

ಇತಿ,
ನಿವೃತ್ತ ಶಿಕ್ಷಕಿ

---

ಜನವರಿ ೨೮

ವಿಷಯ: ನಿಮ್ಮ ಸೂಚನೆಯಂತೆ ಮಾಡಿದ್ದು

ಮಾನ್ಯ ಟೀಚರ್ ಅವರಿಗೆ,

ನಿಮ್ಮ ತಮ್ಮನವರಿಗೆ ಹುಷಾರಿಲ್ಲ ಎಂದು ತಿಳಿದು ಬೇಸರವಾಯಿತು. ಅವರು ಬೇಗ ಗುಣಮುಖರಾಗಲಿ. ನಮ್ಮ ಲಾಂಚ್ ಓಡಿಸುವ ಅಣ್ಣನೂ "ನಿನ್ನ ಗುರುಗಳಿಗೆ ನನ್ನ ನಮಸ್ಕಾರ ಬರಿಯಮ್ಮ, ಬೇಗ ಎದ್ದು ಓಡಾಡ್ಲಿ" ಎಂದಿದ್ದಾರೆ.

ನೀವು ಹೇಳಿದಂತೆಯೇ ಮಾಡಿದೆ. ನನ್ನ ಹಳೆಯ, ಓಡುತ್ತಿದ್ದ ಫೈಲನ್ನು ಪುಟದೊಂದಿಗೆ ಹೋಲಿಸಿದೆ. ಮಾತುಗಳೆಲ್ಲ ಒಂದೇ ಇದ್ದವು. ಆದರೆ ನನ್ನ ಫೈಲಿನಲ್ಲಿ ಕೆಲವು ಸಾಲುಗಳು ಎರಡು ಜಾಗ, ಕೆಲವು ನಾಲ್ಕು ಜಾಗ ಬಲಕ್ಕೆ ಸರಿದು, ಮೆಟ್ಟಿಲಿನ ಹಾಗೆ ನಿಂತಿದ್ದವು. ಪುಟದಲ್ಲಿ ಎಲ್ಲ ಸಾಲುಗಳೂ ಎಡ ಅಂಚಿಗೆ ನೇರವಾಗಿ ನಿಂತಿದ್ದವು. ನಾನೇ ಅಡ್ಡಾದಿಡ್ಡಿ ಬರೆದಿದ್ದೆನೆಂದುಕೊಂಡು, ನಾಚಿಕೊಂಡು, ಎಲ್ಲವನ್ನೂ ಎಡಕ್ಕೆ ಎಳೆದೆ.

ಸೈಟ್ ಬಿದ್ದಿತು. ಅದೇ ಬೆಳಗ್ಗೆ ಅಣೆಕಟ್ಟೆಯವರು ನೀರು ಬಿಟ್ಟರು. ಏನೂ ತಿಳಿಯದೆ ಎಪ್ಪತ್ತು ಜನ ಕಟ್ಟೆಗೆ ಬಂದು ನಿಂತರು. ಅವರಲ್ಲಿ ಕಣ್ಣಿನ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾದು ದಿನ ಗೊತ್ತು ಮಾಡಿಸಿಕೊಂಡಿದ್ದ ಅಜ್ಜಿಯೊಬ್ಬರಿದ್ದರು. ಸೇತುವೆ ಇರುವುದು ನಾಲ್ಕು ಗಂಟೆಯ ದಾರಿ ಆಚೆ. ಹಿಂದಿನ ದಿನ ಅಲ್ಲ, ಆ ಬೆಳಗ್ಗೆ ಆರಕ್ಕೆ ತಿಳಿದಿದ್ದರೂ ಅವರ ಮಗಳು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ಅಜ್ಜಿ ನನ್ನ ಕಡೆ ತಿರುಗಿ, "ಯಾರಮ್ಮ ಅದು, ಕಿಟಕಿನಾ? ನಿನ್ನ ಫೋನಿನ ಪೆಟ್ಟಿಗೆ ಏನೂ ಹೇಳ್ಲಿಲ್ವಲ್ಲೇ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಸಾಲುಗಳನ್ನು ಮೊದಲಿನಂತೆ ಸರಿಸಿದೆ. ಸೈಟ್ ಎದ್ದಿತು. ಹಾಗಾದರೆ ಪುಟದ್ದೇ ತಪ್ಪೆಂದು ಹೇಳುವಷ್ಟು ದೊಡ್ಡವಳಲ್ಲ ನಾನು. ಹೊಸ ಪದ್ಧತಿ ಬಂದಿರಬೇಕು. ನಿಮ್ಮ ತಮ್ಮನವರಿಗೆ ತಿಳಿದ, ನನಗೆ ಎಟುಕದ ಕಾರಣ ಇರಬೇಕು. ಅದು ಅರ್ಥವಾಗದವಳು ಊರಿನ ಜನ ನಂಬುವ ಸೈಟನ್ನು ಇಟ್ಟುಕೊಳ್ಳಬಾರದು. ಫೆಬ್ರವರಿ ಕೊನೆಗೆ ಅದನ್ನು ಕಂಪನಿಗೆ ಒಪ್ಪಿಸಿ ಕಿಟಕಿಗೆ ಹಿಂದಿರುಗುತ್ತೇನೆ ಎಂದು ಮ್ಯಾನೇಜರಿಗೆ ಹೇಳಿದ್ದೇನೆ.

ಇಷ್ಟು ದಿನ ಕಲಿಸಿದ್ದಕ್ಕೆ ನಿಮ್ಮ ತಮ್ಮನವರಿಗೆ ನಮಸ್ಕಾರ ತಿಳಿಸಿ.

ಕಿಟಕಿ

---

ಫೆಬ್ರವರಿ ೨

ಮಾನ್ಯರೇ,

ಕಿಟಕಿಗೆ ಹಿಂದಿರುಗಬೇಡಿ. ಉಳಿದದ್ದನ್ನು ಓದುವ ಮೊದಲು ಮ್ಯಾನೇಜರ್ ಬಳಿ ಹೋಗಿ ಆ ಮಾತನ್ನು ಹಿಂತೆಗೆದುಕೊಂಡು ಬನ್ನಿ. ತಪ್ಪು ನಿಮ್ಮದಲ್ಲ. ನನ್ನದು.

ಮೂವತ್ತೇಳು ವರ್ಷಗಳಲ್ಲಿ ಈ ವಾಕ್ಯವನ್ನು ನಾನು ಯಾವ ವಿದ್ಯಾರ್ಥಿಗೂ ಬರೆದವಳಲ್ಲ. ಬರೆಯುವ ಪ್ರಸಂಗ ಬಂದಿರಲಿಲ್ಲವೆಂದಲ್ಲ.

ನನ್ನ ತಮ್ಮ ಕಳೆದ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಹೃದಯ ನಿಂತಿತು; ಊಟದ ತಟ್ಟೆ ಹಾಗೆಯೇ ಇತ್ತು. 'ಉತ್ತರ ಬರೆಯುವ ಸ್ಥಿತಿಯಲ್ಲಿಲ್ಲ' ಎಂದು ನಿಮಗೆ ಬರೆದಾಗ ಅದು ಸುಳ್ಳಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಮ್ಮ ಲಾಂಚ್ ಚಾಲಕರ ಹಾರೈಕೆಯನ್ನು ಓದಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ.

ಅವನು ಬದುಕಿದ್ದಾಗ ತನ್ನ ವಿವರಣೆಗಳ ಭಾಷೆಯನ್ನು ನನ್ನಿಂದ ತಿದ್ದಿಸಿಕೊಳ್ಳುತ್ತಿದ್ದ. ಅದಕ್ಕೆಂದೇ ನನಗೆ ಸುಲಭವಾಗುವಂಥ ಒಂದು ಪರದೆ ಮಾಡಿಕೊಟ್ಟಿದ್ದ. ವಿವರಣೆ ಮೇಲೆ, ಕೋಡ್ ಕೆಳಗೆ ಬೂದು ಬಣ್ಣದ ಪೆಟ್ಟಿಗೆಯಲ್ಲಿ. "ಅಕ್ಕಾ, ಕನ್ನಡ ನಿಂದು, ಪೆಟ್ಟಿಗೆ ನಂದು. ಗಡಿ ದಾಟ್ಬೇಡ ಆಯ್ತಾ?" ಎನ್ನುತ್ತಿದ್ದ.

"ಎಲ್ಲಾ ಓರೆಕೋರೆ ಇದೆಯಲ್ಲೋ. ನೋಡೋಕಾಗಲ್ಲ."

"ನೋಡ್ಬೇಡ ಬಿಡು."

"ಒಂದನೇ ಕ್ಲಾಸಿನ ಮಕ್ಕಳೂ ಅಂಚು ಬಿಟ್ಟು ಬರೀತಾರೆ."

"ಅವ್ರು ಪುಣ್ಯವಂತರು. ಅವ್ರಿಗೆ ನೀನು ಟೀಚರ್ರು, ನಂಗೆ ಅಕ್ಕ."

ಅವನು ಹೋದ ಮೇಲೆ ಆ ಕೋಣೆಯಲ್ಲಿ ಕೂರಲು ನನಗೊಂದು ಕೆಲಸ ಬೇಕಿತ್ತು. ವಿವರಣೆಗಳನ್ನು ತಿದ್ದಿ ಮುಗಿಸಿದೆ. ಆಮೇಲೂ ಕೂರಬೇಕಿತ್ತು. ಕರಿಹಲಗೆಯ ಮೇಲೆ, ಸಾವಿರಾರು ನೋಟ್‌ಪುಸ್ತಕಗಳ ಮೇಲೆ ಅಂಚಿನ ಗೆರೆ ಎಳೆಸಿದ ಕೈ ಇದು. ಒಂದೊಂದು ಪೆಟ್ಟಿಗೆಯೊಳಗೂ ಹೋಗಿ, ಒಳಗೆ ಸರಿದಿದ್ದ ಪ್ರತಿಯೊಂದು ಸಾಲನ್ನೂ ಎಡಕ್ಕೆ ತಂದು ನಿಲ್ಲಿಸಿದೆ. ಒಂದಕ್ಷರವನ್ನೂ ಬದಲಿಸಲಿಲ್ಲ. ಖಾಲಿ ಜಾಗವನ್ನಷ್ಟೇ ಅಳಿಸಿದೆ. ಖಾಲಿ ಜಾಗದಲ್ಲಿ ಏನಿರಲು ಸಾಧ್ಯ ಎಂದುಕೊಂಡೆ. ಅವನ ಹಾಸಿಗೆಯ ಸುಕ್ಕು ತೆಗೆದಂತೆಯೇ ಅದನ್ನೂ ಮಾಡಿದೆ.

ನಿಮ್ಮ 'ಮೆಟ್ಟಿಲು' ಎಂಬ ಮಾತನ್ನು ಓದಿದ ಕೂಡಲೇ ಅರ್ಥವಾಯಿತು. ಅವನ ಹಳೆಯ ಪ್ರತಿಗಳು ಎಲ್ಲೋ ಭದ್ರವಾಗಿರಬೇಕು. ಅವುಗಳ ಗುಪ್ತಪದ ಅವನೊಂದಿಗೆ ಹೋಯಿತು. ಪುಟದಲ್ಲಿರುವುದು ನಾನು ಅಂದಗೊಳಿಸಿದ ನೂರ ಹನ್ನೆರಡು ಸಮಾಧಿಗಳು.

ಈ ಪತ್ರವನ್ನು ನಿಮ್ಮ ಮ್ಯಾನೇಜರಿಗೆ ತೋರಿಸಿ. ಆ ಅಜ್ಜಿಯ ವಿಳಾಸ ಕೊಟ್ಟರೆ ಅವರಿಗೂ ಬರೆಯುತ್ತೇನೆ.

ನಿವೃತ್ತ ಶಿಕ್ಷಕಿ

---

ಫೆಬ್ರವರಿ ೧೫

ಟೀಚರ್,

ವಿಷಯದ ಸಾಲು ಇಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ.

ಅವರು ಇಲ್ಲ ಎಂಬುದನ್ನು ಓದಿ ಆ ದಿನ ಕೆಲಸ ಮಾಡಲಾಗಲಿಲ್ಲ. ನಾನು ಅವರ ಮುಖ ನೋಡಿಲ್ಲ, ದನಿ ಕೇಳಿಲ್ಲ. ಆದರೂ ಮೂರು ವರ್ಷ ದಿನವೂ ಅವರೊಂದಿಗೆ ಮಾತಾಡಿದ್ದೆ. ಆಮೇಲೆ ನಾಲ್ಕು ದಿನ ನಿಮ್ಮ ಮೇಲೆ ಸಿಟ್ಟಿತ್ತು. "ಗಮನವಿಟ್ಟು ಓದಿ" ಎಂದಿದ್ದಿರಲ್ಲ, ಆ ಸಾಲಿನ ಮೇಲೆ. ಐದನೆಯ ದಿನ ಸಿಟ್ಟು ನನ್ನ ಕಡೆಗೇ ತಿರುಗಿತು. 'ಕೈಚೀಲ'ದ ಮೊಟ್ಟಮೊದಲ ಸಲಹೆ ಏನು ಗೊತ್ತೇ? "ಓಡುತ್ತಿರುವುದನ್ನು ಮುಟ್ಟುವ ಮೊದಲು ಪ್ರತಿ ತೆಗೆದಿಡಿ. ನನ್ನನ್ನೂ ನಂಬಬೇಡಿ, ಬೇರೆ ಕಡೆ ಓಡಿಸಿ ನೋಡಿ, ಆಮೇಲೆ ತನ್ನಿ." ನಾನು ಅದನ್ನು ಬಿಟ್ಟು ನಿಮ್ಮನ್ನು ನಂಬಿದೆ.

ಆದ್ದರಿಂದ ನಿಮ್ಮ ಪತ್ರವನ್ನು ಮ್ಯಾನೇಜರಿಗೆ ತೋರಿಸಲಿಲ್ಲ. ಪರೀಕ್ಷಿಸದೆ ಬದಲಿಸಿದ್ದು ನನ್ನ ತಪ್ಪು, ಇನ್ನೊಂದು ಅವಕಾಶ ಕೊಡಿ ಎಂದೆ. ಅವರು ಕನ್ನಡಕ ತೆಗೆದು, "ನಿಂಗೆ ಬೇಕಾದ್ರೆ ಹೋಗ್ತೀನಿ ಅಂತೀಯ, ಬೇಕಾದ್ರೆ ಇರ್ತೀನಿ ಅಂತೀಯ. ಇದೇನು ಬಸ್ ಸ್ಟ್ಯಾಂಡಾ?" ಎಂದರು. ಕೊನೆಗೆ, "ಮುಂದಿನ ಸಲ ನೀರು ಬಿಟ್ಟಾಗ ನೋಡೋಣ. ಅವತ್ತು ಒಬ್ಬರು ಸುಮ್ಮನೆ ಬಂದು ನಿಂತ್ರೂ ಕಂಪನಿಗೆ ಫೋನ್ ಮಾಡ್ತೀನಿ" ಎಂದಿದ್ದಾರೆ. ಅಜ್ಜಿಗೆ ಆಪರೇಷನ್‌ಗೆ ಬೇರೆ ದಿನ ಸಿಕ್ಕಿದೆ. ನಾನೇ ಜೊತೆಗೆ ಹೋಗುತ್ತೇನೆ.

ಇದರೊಂದಿಗೆ ಐದು ನೋಟ್‌ಪುಸ್ತಕಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಕಲಿಯುವಾಗ ನನ್ನ ಬಳಿ ಕಂಪ್ಯೂಟರ್ ಇರಲಿಲ್ಲ. ಗ್ರಂಥಾಲಯದಲ್ಲಿ ಒಬ್ಬರಿಗೆ ಅರ್ಧ ಗಂಟೆ ಕೊಡುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಒಂದು ತುಣುಕನ್ನು ಕೈಯಲ್ಲಿ ಬರೆದುಕೊಂಡು ಬಂದು, ಒಂದು ಲಾಂಚ್ ಹೋಗಿ ಇನ್ನೊಂದು ಬರುವವರೆಗೆ ಕಿಟಕಿಯ ಹಿಂದೆ ಕೂತು ಓದುತ್ತಿದ್ದೆ. ಲೆಕ್ಕದ ಚೌಕಳಿ ಪುಸ್ತಕ. ಒಂದು ಚೌಕಕ್ಕೆ ಒಂದು ಅಕ್ಷರ. ಖಾಲಿ ಜಾಗ ಲೆಕ್ಕ ತಪ್ಪಬಾರದೆಂದು ಪ್ರತಿ ಖಾಲಿ ಚೌಕದಲ್ಲೂ ಪೆನ್ಸಿಲಿನಿಂದ ಒಂದು ಚುಕ್ಕಿ. ಆ ಜಾಗ ಏಕೆಂದು ಆಗ ತಿಳಿದಿರಲಿಲ್ಲ, ಕಂಡಂತೆ ಬರೆದುಕೊಂಡಿದ್ದೆ; ಜನವರಿಯಲ್ಲಿ ಈ ಪುಸ್ತಕಗಳು ನೆನಪಿಗೇ ಬರಲಿಲ್ಲ. ತೊಂಬತ್ತೇಳು ತುಣುಕುಗಳಿವೆ. ಕೊನೆಯ ಹದಿನೈದನ್ನು ಬರೆದುಕೊಂಡಿಲ್ಲ. ಅಷ್ಟರಲ್ಲಿ ನನಗೆ ಕಂಪ್ಯೂಟರ್ ಸಿಕ್ಕಿತ್ತು.

ಕಿಟಕಿ

---

ಮಾರ್ಚ್ ೧೯

ಪ್ರೀತಿಯ ಕಿಟಕಿಗೆ,

ಇನ್ನು 'ನೀನು' ಎನ್ನುತ್ತೇನೆ. ಆಕ್ಷೇಪವಿದ್ದರೆ ಕಾಗದ ಬರೆ.

ನಿನ್ನ ಪುಸ್ತಕಗಳನ್ನು ತೆರೆದ ದಿನ ಹಾಳೆ ತಿರುಗಿಸಿದ್ದೇ ಆಯಿತು, ಕೆಲಸಕ್ಕೆ ಕೈ ಹಚ್ಚಲಿಲ್ಲ. ಎಷ್ಟು ಚುಕ್ಕಿಗಳು! ಏನೂ ಇಲ್ಲದ ಕಡೆ ಏನೂ ಇಲ್ಲ ಎಂಬುದನ್ನು ಇಷ್ಟು ಶ್ರದ್ಧೆಯಿಂದ ಬರೆದವರನ್ನು ನಾನು ನೋಡಿರಲಿಲ್ಲ. ನನ್ನ ಶಾಲೆಯಲ್ಲಿ ನೀನಿದ್ದಿದ್ದರೆ, ಪುಸ್ತಕದ ತುಂಬ ಚುಕ್ಕಿ ಇಟ್ಟಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಬೆಳಗ್ಗೆ ಎಂಟಕ್ಕೆ ಕುಳಿತರೆ ಮಧ್ಯಾಹ್ನ ಒಂದರವರೆಗೆ ಕೆಲಸ. ಬಲಗೈಯ ತೋರುಬೆರಳು ನಿನ್ನ ಚುಕ್ಕಿಯ ಮೇಲೆ, ಎಡಗೈಯ ಹೆಬ್ಬೆರಳು ಕೀಲಿಮಣೆಯ ಉದ್ದನೆಯ ಪಟ್ಟಿಯ ಮೇಲೆ. ಒಂದು ಚುಕ್ಕಿ, ಒಂದು ಒತ್ತು. ಮೊದಲ ಇಪ್ಪತ್ತನ್ನು ಕುರುಡಾಗಿ ಮಾಡಿದೆ. ಮೂವತ್ತರ ಹೊತ್ತಿಗೆ, ಚುಕ್ಕಿಗಳನ್ನು ಎಣಿಸುವ ಮೊದಲೇ ಎಷ್ಟಿರಬೇಕೆಂದು ಬೆರಳಿಗೆ ತಿಳಿಯತೊಡಗಿತು. ಎರಡು ಜಾಗ ಒಳಗಿರುವ ಸಾಲು ಮೇಲಿನ ಸಾಲಿನ ಮಗು. ನಾಲ್ಕು ಜಾಗ ಒಳಗಿದ್ದರೆ ಮೊಮ್ಮಗು. ಮತ್ತೆ ಅಂಚಿಗೆ ಬಂದ ಸಾಲು ಬೇರೆಯೇ ಮನೆಯ ಯಜಮಾನ. ಯಾರು ಯಾರ ಆಸರೆಯಲ್ಲಿದ್ದಾರೆ, ಯಾರ ಮಾತು ಯಾರಿಗೆ ನಡೆಯುತ್ತದೆ ಎಂಬುದನ್ನೆಲ್ಲ ಆ ಖಾಲಿ ಜಾಗವೇ ಹೇಳುತ್ತಿತ್ತು. ನಾನು ಮಕ್ಕಳನ್ನೂ ಮೊಮ್ಮಕ್ಕಳನ್ನೂ ಎಳೆದು ತಂದು ಯಜಮಾನರ ಸಾಲಿನಲ್ಲಿ ನಿಲ್ಲಿಸಿ, ಶಿಸ್ತು ಎಂದು ಹೆಮ್ಮೆಪಟ್ಟಿದ್ದೆ.

ಎಷ್ಟೋ ತುಣುಕುಗಳಲ್ಲಿ ಈ ಜಾಗ ಕೇವಲ ಓದುವವರ ಅನುಕೂಲಕ್ಕಂತೆ, ಅಳಿಸಿದರೂ ಓಡುತ್ತವೆ. ಸೆಟ್ಟಿಂಗ್ ಫೈಲುಗಳಲ್ಲಿ ಮಾತ್ರ ಅದೇ ಜೀವ. ಯಾವುದು ಯಾವ ಜಾತಿಯದೆಂದು ಪ್ರತ್ಯೇಕಿಸುವುದನ್ನೂ ಕಲಿತೆ. ಆದರೂ ಎರಡನ್ನೂ ನಿನ್ನ ಚುಕ್ಕಿಯಂತೆಯೇ ಇಟ್ಟಿದ್ದೇನೆ. ಓದುವವರ ಅನುಕೂಲವೂ ಜೀವವೇ.

ನಿನಗೆ ಇನ್ನೊಂದು ಸಂಗತಿ ಹೇಳಬೇಕು. ಅವನ ಮೇಜಿನ ಕೆಳಗಿನ ಖಾನೆಯನ್ನು ತೆರೆಯಲು ಈವರೆಗೆ ನನಗೆ ಮನಸ್ಸಾಗಿರಲಿಲ್ಲ. ತೆರೆದರೆ ಕಾಗದಗಳು, ಕಾಗದಗಳು. ಆಸ್ಪತ್ರೆಯ ನರ್ಸ್ ಒಬ್ಬಳು ಬರೆದಿದ್ದಾಳೆ, ಯಾವ ವಾರ್ಡಿನಲ್ಲಿ ಯಾವ ರಕ್ತ ಇದೆ ಎಂದು ತೋರಿಸುವ ಅವಳ ಪುಟ ಅವನ ಅರವತ್ತನೆಯ ತುಣುಕಿನ ಮೇಲೆ ನಿಂತಿದೆಯಂತೆ. ಬಂಡೆ ಒಡೆಯುವ ಗಣಿಯವನೊಬ್ಬ, ಸ್ಫೋಟಕ್ಕೆ ಮೊದಲು ಸುತ್ತಲಿನ ಮನೆಗಳಿಗೆ ಎಚ್ಚರಿಕೆ ಕೊಡುವ ಪುಟ ಮಾಡಿದ್ದಾನೆ. ಯಾವುದೋ ದೂರದೇಶದ ಮುದುಕರೊಬ್ಬರು ತಮ್ಮ ಪಾರಿವಾಳಗಳ ವಂಶಾವಳಿಗೆ ಪುಟ ಕಟ್ಟಿ, ಎರಡು ಹಾಳೆಯ ತುಂಬ ಪಾರಿವಾಳಗಳ ಗುಣವನ್ನೇ ಬರೆದಿದ್ದಾರೆ; ಕೊನೆಯ ಸಾಲಿನಲ್ಲಿ 'ಥ್ಯಾಂಕ್ಸ್'. ಒಟ್ಟು ನಾನೂರ ಹದಿನಾರು ಕಾಗದಗಳು. ಎಲ್ಲದರ ಮೂಲೆಯಲ್ಲೂ ಅವನ ಕೈಬರಹ: 'ಉತ್ತರಿಸಿದೆ'.

ಪಕ್ಕದ ಕೋಣೆಯಲ್ಲಿದ್ದೆ ನಾನು. ಹದಿನಾಲ್ಕು ವರ್ಷ ಅವನು ಬಾಗಿಲು ಹಾಕಿಕೊಂಡು ಟಕಟಕ ಎನ್ನಿಸುತ್ತಿದ್ದಾಗ, "ಏನೋ ಕುಟ್ತಾ ಕೂತಿರ್ತೀಯಲ್ಲೋ, ಯಾರಿಗೆ ಉಪಯೋಗ?" ಎಂದು ಕೇಳುತ್ತಿದ್ದೆ. "ಯಾರಿಗಾದ್ರೂ ಆಗುತ್ತೆ ಅಕ್ಕ" ಎನ್ನುತ್ತಿದ್ದ. ಆ 'ಯಾರಿಗಾದರೂ' ಎಂಬ ಪದ ಇಷ್ಟು ದೊಡ್ಡದೆಂದು ಭಾಷೆ ಕಲಿಸಿದ ನನಗೆ ತಿಳಿದಿರಲಿಲ್ಲ. ಆಕಾಶದ ಕೆಳಗೆ ನಿಂತಂತೆ ಆ ಖಾನೆಯ ಮುಂದೆ ನಿಂತಿದ್ದೆ.

ತೊಂಬತ್ತೇಳು ಮುಗಿದವು. ಉಳಿದ ಹದಿನೈದಕ್ಕೆ ನಿನ್ನ ಚುಕ್ಕಿಗಳಿಲ್ಲ. ಯಾವ ಸಾಲು ಯಾವ ಮನೆಯದೆಂದು ನಾನೇ ಓದಿ, ಯೋಚಿಸಿ, ಜಾಗ ಬಿಟ್ಟಿದ್ದೇನೆ. ಇವನ್ನು ಪುಟಕ್ಕೆ ಹಾಕಿಲ್ಲ. ಕಾಗದದ ಮೇಲೆ ಬರೆದು ಕಳಿಸಿದ್ದೇನೆ. ನೀನು ಬೇರೆ ಕಡೆ ಓಡಿಸಿ ನೋಡಿ ಹೇಳು. ದಾಕ್ಷಿಣ್ಯ ಬೇಡ.

ಟೀಚರ್

---

ಮಾರ್ಚ್ ೨೭

ವಿಷಯ: ಪರೀಕ್ಷೆಯ ಫಲಿತಾಂಶ

ಟೀಚರ್,

ಹದಿನೈದರಲ್ಲಿ ಹದಿಮೂರು ಸರಿ. ನೂರ ನಾಲ್ಕನೆಯದರಲ್ಲಿ ಆರನೇ ಸಾಲನ್ನು ತಪ್ಪು ಮನೆಗೆ ಕಳಿಸಿದ್ದೀರಿ. ನೂರ ಹತ್ತರಲ್ಲಿ ಒಂದು ಕಡೆ ಮೂರು ಜಾಗ ಬಿಟ್ಟಿದ್ದೀರಿ, ಎರಡು ಬಿಡಬೇಕಿತ್ತು. ತಿದ್ದಿ ಕಳಿಸಿದ್ದೇನೆ. ಕೆಂಪು ಶಾಯಿ ಸಿಗಲಿಲ್ಲ. ಟಿಕೆಟ್ ರದ್ದು ಮಾಡುವ ನೇರಳೆ ಶಾಯಿಯಲ್ಲಿ ಗುರುತು ಹಾಕಿದ್ದೇನೆ, ಕ್ಷಮಿಸಿ.

ಎಲ್ಲವನ್ನೂ ಒಂದೊಂದಾಗಿ ಓಡಿಸಿದೆ. ಆ ಹದಿಮೂರು ಎದ್ದು ನಿಂತದ್ದನ್ನು ನೋಡಿ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅವು ನನಗೇ ಕಷ್ಟವಾಗಿದ್ದವು. ಲಾಂಚಿನ ಅಣ್ಣನಿಗೆ ಹೇಳಿದರೆ, "ರಿಟೈರಾದ ಟೀಚರಮ್ಮನಾ? ನಂಗಿನ್ನೂ ಫೋನಲ್ಲಿ ಅಲಾರಂ ಇಡೋಕೆ ಬರಲ್ಲ ಕಣಮ್ಮ" ಎಂದು ತಲೆ ಕೆರೆದುಕೊಂಡರು.

ಫೆಬ್ರವರಿ ಕೊನೆಗೆ ನನ್ನ ಹಳೆಯ ಫೈಲಿನಿಂದಲೇ ಸೈಟನ್ನು ಹೊಸ ಯಂತ್ರಕ್ಕೆ ಸಾಗಿಸಿದ್ದೆ. ನಲವತ್ತೊಂದನೆಯ ಸಲಹೆಯನ್ನು ಈಗ ಪುಟದಿಂದಲೇ ತೆಗೆದು ಇನ್ನೊಮ್ಮೆ ಅಲ್ಲಿ ಇಟ್ಟು ನೋಡಿದೆ. ಒಂದೇ ಸಲಕ್ಕೆ ಎದ್ದಿತು.

ಕಿಟಕಿ

---

ಏಪ್ರಿಲ್ ೪

ಪ್ರೀತಿಯ ಕಿಟಕಿಗೆ,

ನೂರ ಹನ್ನೆರಡೂ ಪುಟಕ್ಕೆ ಹಿಂದಿರುಗಿದವು. ನೇರಳೆ ಗುರುತಿನ ಹಾಳೆಗಳನ್ನು ಅವನ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ನಾನು ಹಾಕಿದ ಅಂಕಗಳನ್ನು ಎಷ್ಟು ಮಕ್ಕಳು ಹೀಗೆ ಕಾದಿಟ್ಟಿರಬಹುದೋ, ಎಷ್ಟು ಮಂದಿ ಹರಿದು ಎಸೆದಿರಬಹುದೋ.

ಪುಟದ ಮೇಲ್ಭಾಗದಲ್ಲಿ ಹೀಗೆ ಬರೆದಿದ್ದೇನೆ: "ಈ ಪುಟವನ್ನು ಕಟ್ಟಿದವನು ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿಂದ ನಕಲು ಮಾಡಿದವರು ದಯವಿಟ್ಟು ಮತ್ತೆ ನಕಲು ಮಾಡಿಕೊಳ್ಳಿ. ಆ ಅವಧಿಯಲ್ಲಿ ಅವನ ಅಕ್ಕ ತನಗೆ ತಿಳಿಯದ ಸಂಗತಿಯನ್ನು ತಿದ್ದಿದ್ದಳು. ನಿಮ್ಮದು ಓಡದಿದ್ದರೆ ತಪ್ಪು ನಿಮ್ಮದಾಗಿರಲಿಲ್ಲ." ಕೊನೆಯ ವಾಕ್ಯವನ್ನು ಬರೆಯಲು ಎರಡು ದಿನ ಹಿಡಿಯಿತು. ನಿನ್ನಂತೆ ತಮ್ಮನ್ನೇ ಅನುಮಾನಿಸಿಕೊಂಡು ಸುಮ್ಮನಾದವರು ಎಷ್ಟು ಮಂದಿಯೋ. ಅವರಿಗೆ ಅದು ತಲುಪಬೇಕು.

ಇನ್ನು ಮುಂದೆ ಹೊಸ ತುಣುಕುಗಳನ್ನು ನೀನು ಬರೆಯಬೇಕೆಂದು ನನ್ನ ಕೋರಿಕೆ. ಅಪ್ಪಣೆಯಲ್ಲ. ನೀರು ಬಿಡುವ ಸುದ್ದಿ ಬಂದರೆ ತಿಳಿಸು. ಇಲ್ಲಿ ಕುಳಿತು ನಾನು ಮಾಡಬಹುದಾದದ್ದು ಏನೂ ಇಲ್ಲ, ಆದರೂ ತಿಳಿಸು.

ಟೀಚರ್

---

ಏಪ್ರಿಲ್ ೨೨

ಟೀಚರ್,

ನಿನ್ನೆ ನೀರು ಬಿಟ್ಟರು.

ಬೆಳಗ್ಗೆ ಐದೂ ಮುಕ್ಕಾಲಿಗೆ ಅಣೆಕಟ್ಟೆಯಿಂದ ಸಂದೇಶ ಬಂತು. ಗುಂಡಿ ಒತ್ತಿದೆ. ಪರದೆಯ ಮೇಲೆ 'ಇದೆ' ಹೋಗಿ 'ಇಲ್ಲ' ಬಂತು. ಅಷ್ಟೇ. ಅದು ಊರಿಗೆಲ್ಲ ಮುಟ್ಟಿತೋ ಇಲ್ಲವೋ ಎಂದು ತಿಳಿಯುವ ದಾರಿ ಕಟ್ಟೆಗೆ ಹೋಗಿ ನೋಡುವುದೊಂದೇ. ಏಳು ಗಂಟೆಗೆ ಮೊದಲ ಲಾಂಚಿನ ಹೊತ್ತು. ಆರೂವರೆಗೇ ಹೋದೆ. ಮ್ಯಾನೇಜರ್ ನನಗಿಂತ ಮೊದಲೇ ಬಂದು, ಕೈಯಲ್ಲಿ ಫೋನ್ ಹಿಡಿದುಕೊಂಡು ನಿಂತಿದ್ದರು.

ಏಳಾಯಿತು. ಏಳೂವರೆಯಾಯಿತು. ನದಿ ಮಣ್ಣಿನ ಬಣ್ಣಕ್ಕೆ ತಿರುಗಿ, ಕಟ್ಟೆಯ ಮೂರನೆಯ ಮೆಟ್ಟಿಲನ್ನು ನುಂಗಿ, ದಡದ ಉದ್ದಕ್ಕೂ ಸದ್ದು ಮಾಡುತ್ತ ಹೋಗುತ್ತಿತ್ತು. ಲಾಂಚಿನ ಅಣ್ಣ ಕಟ್ಟಿಹಾಕಿದ ಲಾಂಚಿನಲ್ಲಿ ಕೂತು ಟೀ ಕುಡಿಯುತ್ತಿದ್ದರು.

"ಏ ಕಿಟಕಿ, ಊರೇನಾದ್ರೂ ಗುಳೆ ಹೋಯ್ತಾ?"

"ಇಲ್ಲಣ್ಣ. ಎಲ್ರೂ ಮನೇಲಿದ್ದಾರೆ."

"ಅದು ಹೆಂಗೆ ಗೊತ್ತು?"

ಸೈಟಿನ ಎಣಿಕೆ ತೋರಿಸಿದೆ. ಆರರಿಂದ ಏಳರೊಳಗೆ ಆರುನೂರ ಹನ್ನೊಂದು ಜನ ಪುಟ ತೆರೆದು ನೋಡಿದ್ದರು. ಮ್ಯಾನೇಜರ್ ಅದನ್ನು ಎರಡು ಸಲ ಓದಿದರು. ಫೋನನ್ನು ಜೇಬಿಗೆ ಹಾಕಿಕೊಂಡು, "ಟಿಕೆಟ್ ಕೊಡೋಕೆ ಬೇರೆಯವರನ್ನೇ ಖಾಯಂ ಮಾಡ್ಬೇಕು ಹಾಗಾದ್ರೆ" ಎಂದು ಗೊಣಗುತ್ತ ಹೋದರು.

ನಾನು ಹೋಗಲಿಲ್ಲ. ಒಂಬತ್ತು ವರ್ಷ ಆ ಕಟ್ಟೆಯನ್ನು ನೋಡಿದ್ದೇನೆ. ಯಾವಾಗಲೂ ಜನ, ಗಂಟುಮೂಟೆ, ಜಗಳ, ಅಳುವ ಮಕ್ಕಳು. ನೀರು ಬಿಟ್ಟ ದಿನವಂತೂ ದುಪ್ಪಟ್ಟು. ನಿನ್ನೆ ಅಲ್ಲಿ ಒಂದು ಚಪ್ಪಲಿಯ ಗುರುತೂ ಇರಲಿಲ್ಲ. ನೋಡುತ್ತ ನಿಂತೆ. ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಎದುರು ದಡವನ್ನು ನೋಡಿದೆ.

ಅಲ್ಲೂ ಯಾರೂ ಬಂದಿರಲಿಲ್ಲ.

ಕಿಟಕಿ